ಅವರು ಮನುಷ್ಯರೆಂದು ಯಜಮಾನರಿಗೆ ಗೊತ್ತಿತ್ತು

ಇತ್ತೀಚೆಗೆ ಕೃತಕ ಬುದ್ಧಿಮತ್ತೆ ಕುರಿತ ಗೋಷ್ಠಿಯೊಂದರಲ್ಲಿ ಭಾಷಣಕಾರರೊಬ್ಬರು ಭರ್ಜರಿ ಚಪ್ಪಾಳೆ ಗಿಟ್ಟಿಸಿದರು. ಯಂತ್ರಕ್ಕೆ ಮನಸ್ಸಿದೆಯೇ ಎಂದು ಇವತ್ತು ನಾವು ಅನುಮಾನಪಡುವಂತೆಯೇ ಅಮೆರಿಕದ ಬಿಳಿಯರು ಒಂದು ಕಾಲಕ್ಕೆ ಕರಿಯ ಗುಲಾಮರ ಬಗ್ಗೆ ಅನುಮಾನಪಟ್ಟಿದ್ದರಂತೆ. ಆಮೇಲೆ ಅರಿವು ಮೂಡಿತಂತೆ, ಬಿಡುಗಡೆ ಆಯಿತಂತೆ. ನಾಳೆ ರೋಬೋಗಳ ಸರದಿಯಂತೆ. ಕೇಳಿ ನನಗೆ ಮೈ ಉರಿದುಹೋಯಿತು. ವೈಜ್ಞಾನಿಕ ಕಥೆ, ಸಿನಿಮಾಗಳಿಂದ ಎತ್ತಿಕೊಂಡ ಈ ಹೋಲಿಕೆ ಮನೆಗೆಲಸದ ರೋಬೋಗಳ ಜಾಹೀರಾತು ಶುರುವಾದ ಮೇಲಂತೂ ಎಲ್ಲ ವೇದಿಕೆಗಳಲ್ಲೂ ಕೇಳಿಬರುತ್ತಿದೆ.

ಯಜಮಾನರಿಗೆ ಯಾವ ಅನುಮಾನವೂ ಇರಲಿಲ್ಲ. ಗುಲಾಮರು ಕೀಳು ಜೀವಿಗಳೆಂದು ಪುಸ್ತಕ ಬರೆದವರಿದ್ದರು, ನಿಜ. ಆದರೆ ಅವರ ಕಾನೂನು ನೋಡಿ. ದಕ್ಷಿಣ ಕೆರೊಲಿನಾದಲ್ಲಿ ಗುಲಾಮರಿಗೆ ಬರವಣಿಗೆ ಕಲಿಸುವುದು 1740ರಲ್ಲೇ ಅಪರಾಧವಾಯಿತು. 1831ರಲ್ಲಿ ವರ್ಜೀನಿಯಾದಲ್ಲಿ ನ್ಯಾಟ್ ಟರ್ನರ್ ಬಂಡೆದ್ದ ಮೇಲೆ ದಕ್ಷಿಣದ ರಾಜ್ಯಗಳಲ್ಲಿ ಇಂಥ ಕಟ್ಟಳೆ ಇನ್ನಷ್ಟು ಬಿಗಿಯಾಯಿತು. ನೇಗಿಲು ಎಲ್ಲಿ ಓದು ಕಲಿತುಬಿಡುತ್ತದೋ ಎಂದು ಹೆದರಿ ಯಾರೂ ಶಾಸನ ಮಾಡುವುದಿಲ್ಲ.

ಗುಲಾಮನಾಗಿ ಹುಟ್ಟಿದ ಫ್ರೆಡರಿಕ್ ಡಗ್ಲಸ್ ತನ್ನ ಆತ್ಮಕಥೆಯಲ್ಲಿ ಹೇಳುವ ಬಾಲ್ಯದ ಪ್ರಸಂಗವೊಂದಿದೆ. ಬಾಲ್ಟಿಮೋರಿನ ಮನೆಯೊಡತಿ ಸೋಫಿಯಾ ಆಲ್ಡ್ ಹುಡುಗನಿಗೆ ಅಕ್ಷರ ಹೇಳಿಕೊಡತೊಡಗಿದಳು. ಗಂಡ ಹ್ಯೂ ಆಲ್ಡ್ ನಿಲ್ಲಿಸಿದ. ಓದು ಬಂದರೆ ಇವನು ಗುಲಾಮನಾಗಿ ಉಳಿಯುವುದಿಲ್ಲ ಎಂಬುದು ಅವನ ವಾದ. ಹುಡುಗನಿಗೆ ದಾರಿ ಹೊಳೆದದ್ದೇ ಆಗ. ಬೀದಿಯ ಬಡ ಬಿಳಿ ಹುಡುಗರಿಗೆ ರೊಟ್ಟಿ ಕೊಟ್ಟು ಅವರಿಂದ ಪಾಠ ಹೇಳಿಸಿಕೊಂಡ. 1838ರಲ್ಲಿ ತಪ್ಪಿಸಿಕೊಂಡು ಹೋದ, 1845ರಲ್ಲಿ ಪುಸ್ತಕ ಬರೆದ. ಎದುರಿಗಿರುವುದು ಮನುಷ್ಯನೋ ಅಲ್ಲವೋ ಎಂದು ಹ್ಯೂ ಆಲ್ಡ್ ತಲೆ ಕೆಡಿಸಿಕೊಂಡವನಲ್ಲ. ಗೊತ್ತಿದ್ದುದರಿಂದಲೇ ಪಾಠ ನಿಲ್ಲಿಸಿದ.

ನಮ್ಮ ಮೆಚ್ಚಿನ ಸಿನಿಮಾಗಳು ಇದನ್ನು ತಲೆಕೆಳಗು ಮಾಡುತ್ತವೆ. 1982ರ ‘ಬ್ಲೇಡ್ ರನ್ನರ್’ನಲ್ಲಿ ಕಣ್ಣಿನ ಪಾಪೆ ಅಳೆದು ಇವನು ಅಸಲಿಯೋ ನಕಲಿಯೋ ಎಂದು ತೀರ್ಮಾನಿಸುತ್ತಾರೆ. 1989ರ ‘ಸ್ಟಾರ್ ಟ್ರೆಕ್’ ಕಂತೊಂದರಲ್ಲಿ ಡೇಟಾ ಎಂಬ ಯಂತ್ರಮಾನವ ತಾನು ಸೇವೆ ಸಲ್ಲಿಸುವ ಪಡೆಯ ಸ್ವತ್ತೇ ಎಂದು ವಿಚಾರಣೆ ನಡೆಯುತ್ತದೆ. ಬುದ್ಧಿ ಇದೆಯೇ, ತನ್ನ ಅರಿವಿದೆಯೇ, ಪ್ರಜ್ಞೆ ಇದೆಯೇ? ಗುಲಾಮಗಿರಿಯತ್ತ ಬೊಟ್ಟು ಮಾಡುವ ವೂಪಿ ಗೋಲ್ಡ್‌ಬರ್ಗ್ ಪಾತ್ರದ ಆ ದೃಶ್ಯ ನನಗೆ ಇವತ್ತಿಗೂ ಇಷ್ಟ. ಆದರೂ ಪುರಾವೆ ಒದಗಿಸುವ ಹೊಣೆ ಮಾತ್ರ ಸಂಕೋಲೆ ತೊಟ್ಟವನ ಪಾಲಿಗೇ ಬರುತ್ತದೆ. ಯಜಮಾನನ ನೆಪ ಇಲ್ಲಿ ಪ್ರಾಮಾಣಿಕ ಗೊಂದಲವಾಗಿಬಿಡುತ್ತದೆ. ಇದು ಚರಿತ್ರೆಗೆ ಬಗೆಯುವ ದ್ರೋಹ.

ಗುಲಾಮರಿಗೂ ಮನುಷ್ಯ ನಿರ್ಮಿಸಿದ ಜೀವಿಗೂ ನಡುವಿನ ಈ ಹೋಲಿಕೆಯನ್ನು ಮೊದಮೊದಲು ಬಳಸಿಕೊಂಡವರೂ ಗುಲಾಮರ ಪರವಾಗಿ ಬಳಸಲಿಲ್ಲ. ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ ಬಂದದ್ದು 1818ರಲ್ಲಿ. 1824ರಲ್ಲಿ ಬ್ರಿಟನ್ನಿನ ವಿದೇಶಾಂಗ ಸಚಿವ ಜಾರ್ಜ್ ಕ್ಯಾನಿಂಗ್ ಸಂಸತ್ತಿನಲ್ಲಿ ಎದ್ದು ನಿಂತು, ಗುಲಾಮರನ್ನು ಅವಸರದಲ್ಲಿ ಬಿಡುಗಡೆ ಮಾಡಿದರೆ ಆ ಕಾದಂಬರಿಯ ಜೀವಿಯನ್ನು ಎಬ್ಬಿಸಿದಂತಾದೀತು ಎಂದು ಹೆದರಿಸಿದ. 1957ರ ಜನವರಿಯಲ್ಲಿ ಅಮೆರಿಕದ ‘ಮೆಕಾನಿಕ್ಸ್ ಇಲಸ್ಟ್ರೇಟೆಡ್’ ಪತ್ರಿಕೆ, 1965ರ ಹೊತ್ತಿಗೆ ನಿಮಗೂ ಗುಲಾಮರು ಸಿಗುತ್ತಾರೆ ಎಂದು ಓದುಗರಿಗೆ ಆಸೆ ಹುಟ್ಟಿಸಿತು. ಅದು ಹೇಳುತ್ತಿದ್ದುದು ರೋಬೋಗಳ ಬಗ್ಗೆ. ವರ್ಣಭೇದದ ವಿರುದ್ಧ ಮಾಂಟ್‌ಗೊಮರಿಯ ಕರಿಯರು ನಡೆಸಿದ ಬಸ್ ಬಹಿಷ್ಕಾರ ಮುಗಿದದ್ದು ಅದರ ಹಿಂದಿನ ತಿಂಗಳಷ್ಟೇ! ಸಂಬಳ ಕೇಳದ, ಎದುರು ಮಾತಾಡದ ಆಳು ಬೇಕೆಂಬ ಹಂಬಲಕ್ಕೆ ಯಂತ್ರ ಒಂದು ಹೊಸ ವೇಷ.

ಇದನ್ನು ಸರಿಯಾಗಿ ಕಂಡವನು ಚೆಕ್ ನಾಟಕಕಾರ ಕರೆಲ್ ಚಾಪೆಕ್. 1921ರಲ್ಲಿ ಪ್ರಾಗ್‌ನ ರಂಗಮಂದಿರಕ್ಕೆ ಬಂದ ಅವನ ‘ಆರ್.ಯು.ಆರ್.’ ನಾಟಕದ ರೋಬೋಗಳು ಕಬ್ಬಿಣದವಲ್ಲ. ಕಾರ್ಖಾನೆಯಲ್ಲಿ ತಯಾರಾದ, ರಕ್ತಮಾಂಸವನ್ನೇ ಹೋಲುವ ಜೀವಿಗಳು. ದುಡಿಮೆಗೆ ಬೇಡವಾದದ್ದನ್ನೆಲ್ಲ ಮನುಷ್ಯನಿಂದ ಕಳೆದು ಇವರನ್ನು ರೂಪಿಸಲಾಗಿದೆ. ಕಾರ್ಖಾನೆಯ ನಿರ್ದೇಶಕರು ಆತ್ಮದ ಬಗ್ಗೆ ಕೊರಗುವುದಿಲ್ಲ, ಎಷ್ಟು ಅಗ್ಗ ಎಂದು ಲೆಕ್ಕ ಹಾಕುತ್ತಾರೆ. ರೋಬೋಗಳ ಬಿಡುಗಡೆ ಮಾಡಿಸಲೆಂದು ಬಂದ ಹೆಲೆನಾ ಎಂಬಾಕೆ ಕಾರ್ಖಾನೆಯ ಮುಖ್ಯಸ್ಥನನ್ನೇ ಮದುವೆಯಾಗಿ ಅಲ್ಲೇ ಉಳಿದುಬಿಡುತ್ತಾಳೆ. ಕೊನೆಗೆ ದಂಗೆಯೆದ್ದ ರೋಬೋಗಳು ಉಳಿಸುವುದು ಕಾರ್ಖಾನೆಯವರಲ್ಲಿ ಅಲ್ಕ್ವಿಸ್ಟ್ ಎಂಬ ಒಬ್ಬನನ್ನು ಮಾತ್ರ, ಅವನೂ ಕೈಯಾರೆ ದುಡಿಯುವವನೆಂಬ ಕಾರಣಕ್ಕೆ. ಕೂಲಿ, ಬೆಲೆ, ದುಡಿಮೆ: ಗುಲಾಮಗಿರಿಯ ತಿರುಳು ಇದೇ.

‘ಬ್ಲೇಡ್ ರನ್ನರ್’ಗೆ ಮೂಲವಾದ 1968ರ ಕಾದಂಬರಿ ಬರೆದ ಫಿಲಿಪ್ ಕೆ. ಡಿಕ್‌ಗೆ ಪರೀಕ್ಷೆ ಯಾರಿಗೆ ನಡೆಯಬೇಕೆಂಬುದು ಗೊತ್ತಿತ್ತು. ಅವನ ಆಂಡ್ರಾಯ್ಡ್‌ಗಳ ಕಲ್ಪನೆಯ ಹಿಂದಿದ್ದವರು ಗುಲಾಮರಲ್ಲ. ಹಸಿದ ಮಕ್ಕಳ ಅಳುವಿನಿಂದ ನಿದ್ದೆ ಕೆಟ್ಟಿತೆಂದು ದಿನಚರಿಯಲ್ಲಿ ದೂರಿದ ನಾಜಿ ಅಧಿಕಾರಿಗಳು. ಕರುಣೆ ಇದೆಯೇ ಎಂಬ ಪರೀಕ್ಷೆಗೆ ಕೂರಿಸಬೇಕಾದದ್ದು ಅಂಥವರನ್ನೇ. ಸಿನಿಮಾ ಮಾಡಿದವರು ಅದನ್ನು ಬಿಟ್ಟು, ಬಿಳಿಯ ನಟರನ್ನು ಗುಲಾಮರಾಗಿಸಿ ಮಳೆಯಲ್ಲಿ ನೆನೆಸಿದರು.

ಗುಲಾಮಗಿರಿಯ ಬಗ್ಗೆ ಕಲ್ಪನೆಯ ಕಥೆಯೇ ಬೇಕೆನ್ನುವವರು ಆಕ್ಟೇವಿಯಾ ಬಟ್ಲರ್ 1979ರಲ್ಲಿ ಬರೆದ ‘ಕಿಂಡ್ರೆಡ್’ ಓದಿ. 1976ರ ಕ್ಯಾಲಿಫೋರ್ನಿಯಾದಿಂದ ಡೇನಾ ಎಂಬ ಕರಿಯ ಲೇಖಕಿ ಹತ್ತೊಂಬತ್ತನೆಯ ಶತಮಾನದ ಮೇರಿಲ್ಯಾಂಡ್‌ನ ತೋಟಕ್ಕೆ ಎಳೆಯಲ್ಪಡುತ್ತಾಳೆ. ಗುಲಾಮ ಹುಡುಗನೊಬ್ಬನಿಗೆ ಓದು ಕಲಿಸಿದ್ದಕ್ಕೆ ಅಲ್ಲಿ ಚಾಟಿಯೇಟು ತಿನ್ನುತ್ತಾಳೆ. ಅವಳು ಮನುಷ್ಯಳೇ ಎಂದು ಆ ಕಾದಂಬರಿಯಲ್ಲಿ ಯಾರೂ ಪರೀಕ್ಷಿಸಿ ನೋಡುವುದಿಲ್ಲ.