ಕುಟುಂಬ ವೈದ್ಯಶಾಸ್ತ್ರ: ವಿಭಾಗವಿಲ್ಲದ ವಿದ್ಯೆಗೆ ಸಮ್ಮೇಳನದಲ್ಲಿ ಯಾವ ಕುರ್ಚಿ?

ಕುಟುಂಬ ವೈದ್ಯರ ಪ್ರಾದೇಶಿಕ ಸಮ್ಮೇಳನಗಳ ಸುದ್ದಿ ಪತ್ರಿಕೆಗಳಲ್ಲಿ ಒಂದು ಭಾವಚಿತ್ರ ಮತ್ತು ನಾಲ್ಕು ಸಾಲಿಗಿಂತ ಹೆಚ್ಚು ಜಾಗ ಪಡೆಯುವುದು ಅಪರೂಪ. ದೀಪ ಬೆಳಗಿಸಿದವರು ಯಾರು, ಶಾಲು ಹೊದಿಸಿಕೊಂಡವರು ಯಾರು ಎಂಬಲ್ಲಿಗೆ ವರದಿ ಮುಗಿಯುತ್ತದೆ. ಯಾವ ವಿಶ್ವವಿದ್ಯಾಲಯದ ಯಾವ ವಿಭಾಗ ಅಲ್ಲಿ ಪ್ರಬಂಧ ಮಂಡಿಸಿತು, ಯಾವ ದೇಶದಿಂದ ವಿದ್ಯಾರ್ಥಿಗಳು ಬಂದಿದ್ದರು ಎಂದು ಕೇಳುವವರಿಲ್ಲ. ಮನೆಯಲ್ಲಿ ಎಪ್ಪತ್ತು ದಾಟಿದ ತಂದೆ ತಾಯಿಯನ್ನು ಇಟ್ಟುಕೊಂಡಿರುವ ಮುಂಬಯಿ ಕನ್ನಡಿಗರಿಗೆ ಮಾತ್ರ ಈ ಪ್ರಶ್ನೆ ಅಷ್ಟೇನೂ ದೂರದ್ದಲ್ಲ.

ಕುಟುಂಬ ವೈದ್ಯರ ಜಾಗತಿಕ ಒಕ್ಕೂಟವಾದ ವೋಂಕಾ 1972ರಲ್ಲಿ ಮೆಲ್ಬೋರ್ನ್‌ನಲ್ಲಿ ಸ್ಥಾಪನೆಯಾಯಿತು. ಅದರ ಏಳು ಪ್ರಾದೇಶಿಕ ವಲಯಗಳಲ್ಲಿ ದಕ್ಷಿಣ ಏಷ್ಯಾವೂ ಒಂದು. ಭಾರತ, ನೇಪಾಳ, ಶ್ರೀಲಂಕಾ, ಬಾಂಗ್ಲಾದೇಶ, ಪಾಕಿಸ್ತಾನಗಳ ವೈದ್ಯರು ಇದರ ವೇದಿಕೆಯಲ್ಲಿ ಒಟ್ಟು ಸೇರುತ್ತಾರೆ. 2011ರ ದಶಂಬರದಲ್ಲಿ ಈ ವಲಯದ ಸಮ್ಮೇಳನ ನಮ್ಮ ಮುಂಬಯಿಯಲ್ಲೇ ನಡೆದಿತ್ತು. ವೋಂಕಾದ ಗ್ರಾಮೀಣ ಆರೋಗ್ಯ ವಿಶ್ವ ಸಮ್ಮೇಳನ 2018ರಲ್ಲಿ ದಿಲ್ಲಿಯಲ್ಲಿ ಜರಗಿತು. ಹಾಗಾಗಿ ಆತಿಥ್ಯ ನಮಗೆ ಹೊಸತಲ್ಲ. ಕೊರತೆ ಇರುವುದು ಬೇರೆಡೆ.

ನೆರೆಯ ದೇಶಗಳಿಂದ ಇಂಥ ಸಮ್ಮೇಳನಗಳಿಗೆ ಬರುವವರ ಹಿಂದೆ ವಿಶ್ವವಿದ್ಯಾಲಯಗಳಿವೆ. ಕಾಠ್ಮಂಡುವಿನ ತ್ರಿಭುವನ ವಿಶ್ವವಿದ್ಯಾಲಯದಲ್ಲಿ ಸಾಮಾನ್ಯ ವೈದ್ಯ ವೃತ್ತಿಯ ಸ್ನಾತಕೋತ್ತರ ಪದವಿ 1982ರಷ್ಟು ಹಿಂದೆಯೇ, ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಸಹಕಾರದಿಂದ ಆರಂಭವಾಯಿತು. ಗುಡ್ಡಗಾಡಿನ ಆಸ್ಪತ್ರೆಯಲ್ಲಿ ಒಬ್ಬನೇ ವೈದ್ಯ ಹೆರಿಗೆಯನ್ನೂ ನೋಡಬೇಕು, ಮುರಿದ ಮೂಳೆಯನ್ನೂ ಕೂಡಿಸಬೇಕು ಎಂಬ ಅಗತ್ಯವೇ ಆ ಪದವಿಯನ್ನು ಹುಟ್ಟಿಸಿತು. ಶ್ರೀಲಂಕಾದ ಕೆಲಾನಿಯ, ಕೊಲಂಬೊ, ಶ್ರೀ ಜಯವರ್ಧನಪುರ ವಿಶ್ವವಿದ್ಯಾಲಯಗಳಲ್ಲಿ ಕುಟುಂಬ ವೈದ್ಯಶಾಸ್ತ್ರ ವಿಭಾಗಗಳಿವೆ. ಕರಾಚಿಯ ಆಗಾ ಖಾನ್ ವಿಶ್ವವಿದ್ಯಾಲಯದಲ್ಲೂ ಇದೆ. ನಮಗಿಂತ ಎಷ್ಟೋ ಸಣ್ಣ ದೇಶಗಳು ಈ ವಿಷಯದಲ್ಲಿ ನಮಗಿಂತ ಮುಂದಿವೆ ಎಂದರೆ ಯಾರೂ ಬೇಸರಿಸಬೇಕಾಗಿಲ್ಲ.

ನಮ್ಮಲ್ಲಿ ವರ್ಷಕ್ಕೆ ಒಂದು ಲಕ್ಷಕ್ಕೂ ಮಿಕ್ಕಿ ಎಂಬಿಬಿಎಸ್ ಸೀಟುಗಳಿವೆ. ಆದರೆ ಬಹುಪಾಲು ವೈದ್ಯಕೀಯ ಕಾಲೇಜುಗಳಲ್ಲಿ ಕುಟುಂಬ ವೈದ್ಯಶಾಸ್ತ್ರದ ಸ್ವತಂತ್ರ ವಿಭಾಗವೇ ಇಲ್ಲ. ಭೋಪಾಲ, ರಾಯಪುರ, ಭುವನೇಶ್ವರ ಮೊದಲಾದೆಡೆ 2012ರಲ್ಲಿ ಆರಂಭವಾದ ಏಮ್ಸ್‌ಗಳಲ್ಲಿ 'ಸಮುದಾಯ ಮತ್ತು ಕುಟುಂಬ ವೈದ್ಯಶಾಸ್ತ್ರ' ಎಂದು ಎರಡನ್ನೂ ಒಂದೇ ಫಲಕದಡಿ ತಂದರು. ಹೆಸರು ಬಂದದ್ದು ಒಳ್ಳೆಯದೇ. ಆದರೆ ಸಮುದಾಯ ವೈದ್ಯಶಾಸ್ತ್ರ ಊರಿಗೆ ಊರನ್ನೇ ಅಳೆಯುವ ವಿದ್ಯೆ. ಲಸಿಕೆ, ನೀರು, ಸಾಂಕ್ರಾಮಿಕ ರೋಗ, ಸಮೀಕ್ಷೆ ಅದರ ಕ್ಷೇತ್ರ. ಕುಟುಂಬ ವೈದ್ಯನದ್ದು ಒಂದೇ ಮನೆಯವರನ್ನು ವರ್ಷಗಟ್ಟಲೆ ನೋಡಿಕೊಳ್ಳುವ ಕೆಲಸ. ಎರಡಕ್ಕೂ ಒಂದೇ ಕೋಣೆ ಕೊಟ್ಟರೆ ಮೊದಲಿನಿಂದ ಇದ್ದವರೇ ಮೇಜು ಹಿಡಿದು ಕೂರುತ್ತಾರೆ.

ಹಾಗೆಂದು ನಮ್ಮಲ್ಲಿ ತರಬೇತಿಯೇ ಇಲ್ಲವೆಂದಲ್ಲ. ರಾಷ್ಟ್ರೀಯ ಪರೀಕ್ಷಾ ಮಂಡಳಿ ಕುಟುಂಬ ವೈದ್ಯಶಾಸ್ತ್ರದಲ್ಲಿ ಮೂರು ವರ್ಷಗಳ ಡಿಎನ್‌ಬಿ ನೀಡುತ್ತದೆ. ನಮ್ಮವರಿಗೆಲ್ಲ ಪರಿಚಿತವಾದ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಇದಕ್ಕೆ ಪ್ರತ್ಯೇಕ ವಿಭಾಗವಿದೆ. ವೃತ್ತಿಯಲ್ಲಿರುವ ವೈದ್ಯರಿಗಾಗಿ ದೂರಶಿಕ್ಷಣದ ಡಿಪ್ಲೊಮಾ ಕೂಡ ಅಲ್ಲಿಂದ ನಡೆದು ಬಂದಿದೆ. ಸರಕಾರಿ ಕಾಲೇಜುಗಳ ಪೈಕಿ ಕೇರಳದ ಕೋಝಿಕ್ಕೋಡ್ ಎಂ.ಡಿ. ತರಗತಿ ತೆರೆದ ಮೊದಲ ಸಾಲಿನದು. ಆದರೆ ಡಿಎನ್‌ಬಿ ಹೆಚ್ಚಾಗಿ ಆಸ್ಪತ್ರೆಗಳಲ್ಲಿ ನಡೆಯುವಂಥದ್ದು. ಪದವಿ ಪಡೆದು ಹೊರಬಂದ ವೈದ್ಯ ಮತ್ತೆ ಕಾಲೇಜಿಗೆ ಹೋಗಿ ಕಲಿಸಬೇಕೆಂದರೆ ವಿಭಾಗವಿಲ್ಲ, ವಿಭಾಗವಿಲ್ಲದಿದ್ದರೆ ಹುದ್ದೆ ಇಲ್ಲ, ಹುದ್ದೆ ಇಲ್ಲದಲ್ಲಿ ಸಂಶೋಧನೆ ಮಾಡಿಸುವವರೂ ಇಲ್ಲ.

ವಿಭಾಗವೊಂದರ ಬೆಲೆಯನ್ನು ಮುಂಬಯಿ ಕನ್ನಡಿಗರಿಗೆ ಬೇರೆ ಹೇಳಬೇಕಾಗಿಲ್ಲ. ಈ ನಗರದಲ್ಲಿ ಕನ್ನಡ ಸಂಘಗಳು, ನಾಟಕ, ಯಕ್ಷಗಾನ ಎಲ್ಲವೂ ಬಹಳ ಹಿಂದಿನಿಂದ ಇದ್ದವು. ಆದರೂ ಕಲೀನಾದಲ್ಲಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಇರುವುದರಿಂದಲೇ ಇಲ್ಲಿಯ ಬರಹಗಾರರ ಮೇಲೆ ಪಿಎಚ್.ಡಿ. ಬರೆಯುವವರು ಬಂದರು, ದಾಖಲೆಗಳು ಉಳಿದವು. ಉತ್ಸಾಹಿಗಳು ಸೇರಿ ನಡೆಸುವ ಸಂಘಕ್ಕೂ ಪಾಠ, ಪರೀಕ್ಷೆ, ಸಂಬಳ ಇರುವ ವಿಭಾಗಕ್ಕೂ ಇರುವ ಅಂತರ ಅದು. ಭಾರತದ ಕುಟುಂಬ ವೈದ್ಯರು ಹೆಚ್ಚಾಗಿ ಸಂಘಗಳ ಬಲದಿಂದಲೇ ಪ್ರಾದೇಶಿಕ ಸಮ್ಮೇಳನಕ್ಕೆ ಹೋಗುತ್ತಾರೆ. ಕ್ಲಿನಿಕ್ ಮುಚ್ಚಿ, ಸ್ವಂತ ಖರ್ಚಿನಲ್ಲಿ. ಅವರ ಶ್ರದ್ಧೆ ದೊಡ್ಡದು. ಆದರೆ ಮರಳಿ ಬಂದ ಮೇಲೆ ಅಲ್ಲಿ ಕಲಿತದ್ದನ್ನು ಪಠ್ಯಕ್ಕೆ ಸೇರಿಸುವ ಅಧಿಕಾರ ಅವರಿಗಿಲ್ಲ. ವಿಭಾಗದ ಪರವಾಗಿ ಹೋದ ಪ್ರಾಧ್ಯಾಪಕನಿಗೆ ಆ ದಾರಿ ಇದೆ. ಜಗತ್ತಿನಲ್ಲಿ ಈ ವಿಷಯದ ಮೊದಲ ಪ್ರಾಧ್ಯಾಪಕ ಪೀಠ 1963ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಬಂತು. ಅಮೆರಿಕ 1969ರಲ್ಲಿ ಇದನ್ನು ಪ್ರತ್ಯೇಕ ತಜ್ಞತೆಯಾಗಿ ಒಪ್ಪಿಕೊಂಡಿತು.

ದಿಲ್ಲಿಯ ಸರಕಾರಕ್ಕೆ ಇದು ತಿಳಿಯದ ವಿಷಯವೇ? ಖಂಡಿತ ಅಲ್ಲ. 2002ರ ರಾಷ್ಟ್ರೀಯ ಆರೋಗ್ಯ ನೀತಿಯಲ್ಲಿ ಸಾರ್ವಜನಿಕ ಆರೋಗ್ಯ ಹಾಗೂ ಕುಟುಂಬ ವೈದ್ಯಶಾಸ್ತ್ರಕ್ಕೆ ಹಂತಹಂತವಾಗಿ ಸ್ನಾತಕೋತ್ತರ ಸೀಟುಗಳ ನಾಲ್ಕನೆಯ ಒಂದು ಭಾಗ ಮೀಸಲಿಡುವ ಗುರಿ ಬರೆದಿತ್ತು. 2017ರ ನೀತಿಯಲ್ಲೂ ಕುಟುಂಬ ವೈದ್ಯಶಾಸ್ತ್ರಕ್ಕೆ ಒತ್ತು ನೀಡುವ ಮಾತು ಮತ್ತೆ ಬಂತು. ನಾಲ್ಕನೆಯ ಒಂದು ಭಾಗದ ಹತ್ತಿರಕ್ಕೂ ನಾವು ಇಂದು ತಲುಪಿಲ್ಲ. ಖಾಸಗಿ ಕಾಲೇಜಿಗೆ ರೇಡಿಯಾಲಜಿ ಸೀಟಿನಿಂದ ಬರುವ ಆದಾಯ ಈ ಸೀಟಿನಿಂದ ಬರದು ಎಂಬುದೂ ಒಂದು ಕಾರಣ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೆ.

ಒಬ್ಬನೇ ವೈದ್ಯ ಬಹುಕಾಲ ನೋಡಿಕೊಂಡರೆ ಆಗುವ ಲಾಭ ಬರಿಯ ಭಾವನೆಯ ಮಾತಲ್ಲ. ನಾರ್ವೆಯಲ್ಲಿ ಸುಮಾರು 45 ಲಕ್ಷ ಜನರ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. 15 ವರ್ಷಕ್ಕೂ ಹೆಚ್ಚು ಕಾಲ ಒಬ್ಬನೇ ವೈದ್ಯನ ಬಳಿ ಹೋಗುತ್ತಿದ್ದವರನ್ನು, ಒಂದೇ ವರ್ಷದ ಪರಿಚಯ ಇದ್ದವರೊಂದಿಗೆ ಅದು ಹೋಲಿಸಿತು. ಮೊದಲಿನವರಲ್ಲಿ ತುರ್ತಾಗಿ ಆಸ್ಪತ್ರೆ ಸೇರುವ ಸಾಧ್ಯತೆ ಶೇ. 28ರಷ್ಟು, ಸಾವಿನ ಸಾಧ್ಯತೆ ಶೇ. 25ರಷ್ಟು ಕಡಿಮೆ ಇತ್ತು. ನಾರ್ವೆಯ ಅಂಕಿಯನ್ನು ಡೊಂಬಿವಲಿಗೆ ನೇರವಾಗಿ ಅಂಟಿಸಲಾಗದು. ಅಲ್ಲಿ ಪ್ರತಿಯೊಬ್ಬನಿಗೂ ಗೊತ್ತುಪಡಿಸಿದ ವೈದ್ಯನಿದ್ದಾನೆ; ಇಲ್ಲಿ ಮಂಡಿನೋವಿಗೆ ಒಬ್ಬರು, ಸಕ್ಕರೆ ಕಾಯಿಲೆಗೆ ಒಬ್ಬರು, ಎದೆಯುರಿಗೆ ಮತ್ತೊಬ್ಬರು. ಮೂರು ಚೀಟಿಗಳನ್ನು ಒಟ್ಟಿಗಿಟ್ಟು ಓದುವವರಿಲ್ಲ. ಮೂತ್ರಪಿಂಡ ದುರ್ಬಲವಾಗಿರುವ ಹಿರಿಯರು ನೋವಿನ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗುತ್ತಿರುವುದು ಬಯಲಾಗುವುದು ಇಂಥ ಓದಿನಲ್ಲೇ.

ಹೊಟೇಲು, ಕ್ಯಾಂಟೀನುಗಳಲ್ಲಿ ದುಡಿದು ನಿವೃತ್ತರಾದ ನಮ್ಮ ಹಿರಿಯ ತಲೆಮಾರಿಗೆ ಇನ್ನೊಂದು ತೊಡಕು ಇದೆ. ವ್ಯವಹಾರದ ಹಿಂದಿ, ಮರಾಠಿ ಅವರಿಗೆ ಸರಾಗ. ಆದರೆ ಎದೆಯೊಳಗಿನ ಸಂಕಟವನ್ನು ತುಳುವಿನಲ್ಲೋ ಕನ್ನಡದಲ್ಲೋ ಅಲ್ಲದೆ ವಿವರಿಸಲು ಬರುವುದಿಲ್ಲ. ಹಿಂದೆ ಚಾಳಿನ ಕೆಳಗಿನ ದವಾಖಾನೆಯಲ್ಲಿ ಊರಿನವರೇ ಆದ ಡಾಕ್ಟರು ಸಿಗುತ್ತಿದ್ದರು. ಅವರಲ್ಲಿ ಅನೇಕರ ಮಕ್ಕಳು ತಜ್ಞರಾಗಿದ್ದಾರೆ, ದವಾಖಾನೆಯ ಜಾಗದಲ್ಲಿ ಮೊಬೈಲ್ ಅಂಗಡಿ ಬಂದಿದೆ. ಮಹಾನಗರ ಪಾಲಿಕೆ 2022ರಲ್ಲಿ ಆರಂಭಿಸಿದ 'ಆಪಲಾ ದವಾಖಾನಾ' ಮತ್ತು ಅದೇ ವರ್ಷ ಕರ್ನಾಟಕದಲ್ಲಿ ಬಂದ 'ನಮ್ಮ ಕ್ಲಿನಿಕ್' ಮನೆಯ ಹತ್ತಿರ ಚಿಕಿತ್ಸೆ ತಂದವು ನಿಜ. ಆದರೆ ಅಲ್ಲಿ ಕೂರುವ ಯುವ ವೈದ್ಯ ಸ್ನಾತಕೋತ್ತರ ಪ್ರವೇಶ ಪರೀಕ್ಷೆಗೆ ಓದುತ್ತಾ ಸೀಟಿಗಾಗಿ ಕಾಯುತ್ತಿದ್ದರೆ, ಮುಂದಿನ ವರ್ಷ ರೋಗಿಗೆ ಅದೇ ಮುಖ ಕಾಣಸಿಗುವ ಭರವಸೆ ಇಲ್ಲ.

ನಮ್ಮ ಸಂಘ ಸಂಸ್ಥೆಗಳು ವರ್ಷಕ್ಕೊಮ್ಮೆ ಉಚಿತ ವೈದ್ಯಕೀಯ ಶಿಬಿರ ಏರ್ಪಡಿಸುತ್ತವೆ. ರಕ್ತದೊತ್ತಡ ನೋಡುತ್ತಾರೆ, ಸಕ್ಕರೆ ಪರೀಕ್ಷಿಸುತ್ತಾರೆ, ಚೀಟಿ ಕೊಟ್ಟು ಕಳುಹಿಸುತ್ತಾರೆ. ಮರು ವರ್ಷ ಅದೇ ವ್ಯಕ್ತಿ ಬಂದಾಗ ಹಿಂದಿನ ಅಂಕಿ ಯಾರ ಬಳಿಯೂ ಇರುವುದಿಲ್ಲ. ಸದಸ್ಯರ ಒಪ್ಪಿಗೆ ಪಡೆದು ಒಂದು ಆರೋಗ್ಯ ಪುಸ್ತಕ ಮಾಡಿಸಿ, ಅದನ್ನು ಅವರ ಕೈಯಲ್ಲೇ ಕೊಟ್ಟರೆ ಖರ್ಚು ಸ್ಮರಣಿಕೆಗಿಂತ ಹೆಚ್ಚಾಗದು. ವಿಶ್ವ ಕುಟುಂಬ ವೈದ್ಯರ ದಿನ ಮೇ 19ರಂದು. ಆ ಹೊತ್ತಿಗೆ ನಮ್ಮವರಲ್ಲಿ ಅನೇಕರು ಮದುವೆ, ಮುಂಜಿ ಎಂದು ಊರಲ್ಲಿರುತ್ತಾರೆ. ಹಾಗಾಗಿ ಜೂನ್ ತಿಂಗಳ ಮೊದಲ ಭಾನುವಾರ ಇಟ್ಟುಕೊಂಡರೂ ಸರಿಯೇ. ಸನ್ಮಾನಕ್ಕೆ ತಜ್ಞರನ್ನೇ ಹುಡುಕುವ ಬದಲು ಮುಲುಂಡ್‌ನಲ್ಲೋ ಮೀರಾರೋಡ್‌ನಲ್ಲೋ ಮೂವತ್ತು ವರ್ಷ ಒಂದೇ ದವಾಖಾನೆ ನಡೆಸಿದ ವೈದ್ಯರನ್ನು ಕರೆಯಲಿ. ಅವರ ಬಳಿ ಕಲಿಯಲು ಕಾಲೇಜಿನಿಂದ ಇಬ್ಬರು ವಿದ್ಯಾರ್ಥಿಗಳನ್ನು ಕಳುಹಿಸುವಿರಾ ಎಂದು ವೇದಿಕೆಗೆ ಬಂದ ಡೀನ್‌ರನ್ನು ಅಂದೇ ಕೇಳಲಿ.