‘ಗುತ್ತಿಗೆ’ ಎಂದ ಮಾತ್ರಕ್ಕೆ ಹೊಣೆ ತಪ್ಪೀತೇ?



ಹಾವೇರಿ ಜಿಲ್ಲೆಯಲ್ಲಿ, ಅದರಲ್ಲೂ ರಾಣೇಬೆನ್ನೂರು ತಾಲ್ಲೂಕಿನ ಹಳ್ಳಿಗಳಲ್ಲಿ, ಸಂಕರಣ ಬೀಜೋತ್ಪಾದನೆ ಹೊಸ ಮಾತಲ್ಲ. 1972ರಲ್ಲಿ ಧಾರವಾಡದ ಸಂಶೋಧನೆಯಿಂದ ‘ವರಲಕ್ಷ್ಮಿ’ ಹತ್ತಿ ಹೊರಬಂದಿತು. ಹತ್ತಿಯ ಜೊತೆಗೆ ಟೊಮ್ಯಾಟೊ, ಮೆಣಸಿನಕಾಯಿ ಮುಂತಾದ ತರಕಾರಿಗಳ ಸಂಕರಣ ಬೀಜವೂ ಇಂದು ಈ ಭಾಗದ ಹೊಲಗಳಲ್ಲಿ ತಯಾರಾಗುತ್ತದೆ. ಈ ಬೇಸಾಯದ ಜೀವಾಳವೆಂದರೆ ಕೈಕೆಲಸ. ಸಂಜೆ ಹೆಣ್ಣು ಗಿಡದ ಮೊಗ್ಗು ಬಿಡಿಸಿ ಕೇಸರ ತೆಗೆಯಬೇಕು. ಮರುದಿನ ಬೆಳಿಗ್ಗೆ ಗಂಡು ಹೂವಿನ ಪರಾಗ ತಾಗಿಸಬೇಕು. ಒಂದೊಂದು ಹೂವಿಗೂ ಹೀಗೆ ಎರಡು ಸಲ ಕೈ ಮುಟ್ಟಬೇಕು. ವಾರಗಟ್ಟಲೆ ನಡೆಯುವ ಈ ಕೆಲಸವನ್ನು ಬಹುಪಾಲು ಮಾಡುವವರು ಹೆಣ್ಣಾಳುಗಳು.

ಕೆಲವು ವರ್ಷಗಳ ಹಿಂದೆ ಇಂಥ ಒಂದು ತಾಕಿಗೆ ಹೋಗಿದ್ದೆ. ಆಳುಗಳ ಲೆಕ್ಕ ಎಲ್ಲಿ ಬರೆದಿದ್ದೀರಿ ಎಂದು ಕೇಳಿದಾಗ ಆ ಬೆಳೆಗಾರರು, “ಅವರು ನಮ್ಮ ಆಳಲ್ರೀ ಸಾಹೇಬ್ರ, ಮೇಸ್ತ್ರಿಗೆ ಗುತ್ತಿಗಿ ಕೊಟ್ಟೇನ್ರಿ” ಎಂದರು. ಆದರೆ ಎಷ್ಟು ಗಂಟೆಗೆ ಬರಬೇಕು, ಯಾವ ಸಾಲು ಹಿಡಿಯಬೇಕು, ಯಾವ ಮೊಗ್ಗು ಬಿಡಬೇಕು ಎಂದು ಹೇಳುತ್ತಿದ್ದವರು ಅವರೇ. ಚಿಮಟಿಗೆಯೂ ಅವರದೇ. ಆಳು ಕರೆತರುವುದು, ಬಟವಾಡೆ ಹಂಚುವುದು ಇಷ್ಟೇ ಮೇಸ್ತ್ರಿಯ ಕೆಲಸ.

ಆ ವರ್ಷ ಅವರ ಬೀಜ ತಳಿಶುದ್ಧತೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ಹಣ ನಿಂತಿತು. ಆರು ವಾರದ ಕೂಲಿ ಬಾಕಿ ಉಳಿಯಿತು. ಬೆಳೆಗಾರ ಸ್ವತಂತ್ರ, ಆಳುಗಳು ಅವನವರು ಎಂದಿತು ಕಂಪನಿ. ನಾನು ಬರೀ ಮಧ್ಯಸ್ಥ ಎಂದರು ಬೀಜದ ಸಂಘಟಕರು. ಮೇಸ್ತ್ರಿ ಬೆಳೆಗಾರರ ಮನೆಯತ್ತ ಬೆರಳು ತೋರಿಸಿದ. ಹೆಣ್ಣುಮಕ್ಕಳು ಬಂದು ಕುಳಿತದ್ದು ಅವರ ಕಟ್ಟೆಯ ಮೇಲೆ. ಕೊನೆಗೆ ಅವರು ಜೋಡೆತ್ತು ಮಾರಿ ಕೂಲಿ ಕೊಟ್ಟರು.

ನಾನು ಬೇಸಾಯಶಾಸ್ತ್ರದವನು, ವಕೀಲನಲ್ಲ. ಆದರೂ ಈ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಕಾಗದದಲ್ಲಿ ಯಾವ ಹೆಸರು ಬರೆದಿದೆ ಎಂಬುದಕ್ಕಿಂತ ಹೊಲದಲ್ಲಿ ಕೆಲಸ ಹೇಗೆ ನಡೆಯುತ್ತದೆ ಎಂಬುದೇ ಮುಖ್ಯ.

ನಿಜವಾದ ಗುತ್ತಿಗೆ ಯಾವುದು?

ಸ್ವಂತ ಟ್ರ್ಯಾಕ್ಟರ್ ತಂದು, ಎಕರೆಗೆ ಇಷ್ಟೆಂದು ಮಾತಾಡಿ, ತನಗೆ ಅನುಕೂಲವಾದ ವೇಳೆಯಲ್ಲಿ ಹೊಲ ಹರಗಿ, ಮುಂದಿನ ಊರಿಗೆ ಹೋಗುವವನು ಗುತ್ತಿಗೆದಾರ. ಉಪಕರಣ ಅವನದು, ಲಾಭ-ನಷ್ಟವೂ ಅವನದು. ತಮ್ಮ ಹೊಲದಲ್ಲಿ, ತಾವು ಹೇಳಿದ ವೇಳೆಗೆ, ತಾವು ಹೇಳಿದ ರೀತಿಯಲ್ಲಿ ದುಡಿಯುವವರು ಕೂಲಿಕಾರರೇ. ಕೂಲಿಯನ್ನು ದಿನದ ಲೆಕ್ಕದಲ್ಲಿ ಕೊಡದಿದ್ದರೂ ಇದು ಬದಲಾಗದು. ಬ್ಯಾಡಗಿಯಲ್ಲಿ ಒಣಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಕ್ಕಳಿಗೆ ಕಿಲೋ ಲೆಕ್ಕದಲ್ಲಿ ಕೂಲಿ ಕೊಡುವ ಪದ್ಧತಿ ಇದೆ. ಕಿಲೋ ಲೆಕ್ಕ ಎಂದ ಮಾತ್ರಕ್ಕೆ ಅವರು ಗುತ್ತಿಗೆದಾರರಾಗುವುದಿಲ್ಲ.

ಈ ಪ್ರಶ್ನೆ ಹಳೆಯದು. ಸೌರಾಷ್ಟ್ರದ ಧ್ರಾಂಗಧ್ರಾ ಕೆಮಿಕಲ್ ವರ್ಕ್ಸ್ ತನ್ನ ಉಪ್ಪಿನ ಪಾತಿಗಳನ್ನು ‘ಅಗರಿಯಾ’ ಎಂಬ ಕೆಲಸಗಾರರಿಗೆ ಹಂಚಿ, ಮಣಕ್ಕೆ ಇಷ್ಟೆಂದು ಹಣ ಕೊಡುತ್ತಿತ್ತು. ಗುಣಮಟ್ಟವಿಲ್ಲದ ಉಪ್ಪನ್ನು ತಿರಸ್ಕರಿಸುತ್ತಿತ್ತು. ಅಗರಿಯಾಗಳು ಮನೆಯವರನ್ನೂ ಆಳುಗಳನ್ನೂ ಕೂಡಿಕೊಂಡು ದುಡಿಯುತ್ತಿದ್ದರು. ಇವರು ಸ್ವತಂತ್ರ ಗುತ್ತಿಗೆದಾರರು ಎಂಬ ಕಂಪನಿಯ ವಾದವನ್ನು ಸರ್ವೋಚ್ಚ ನ್ಯಾಯಾಲಯ ಒಪ್ಪಲಿಲ್ಲ. ಕೆಲಸದ ರೀತಿಯ ಮೇಲೆ ಕಂಪನಿಯ ಹತೋಟಿ ಇದ್ದುದರಿಂದ ಅವರು ಕಾರ್ಮಿಕರೇ ಎಂದಿತು. 1957ರ ವರದಿಗಳಲ್ಲಿ ಅಚ್ಚಾದ ಈ ತೀರ್ಪು ಬೀಜದ ಬೆಳೆಗಾರರಿಗೆ ನೇರವಾಗಿ ಹೊಂದುವುದಿಲ್ಲ, ಏಕೆಂದರೆ ಭೂಮಿ ತಮ್ಮದು. ಆದರೆ ಹತೋಟಿ ಯಾರದು ಎಂಬ ಪ್ರಶ್ನೆ ತಮ್ಮ ಮತ್ತು ತಮ್ಮ ಆಳುಗಳ ನಡುವೆಯೂ ಏಳುತ್ತದೆ.

ಕಾನೂನಿನ ಹೊಣೆ

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳಲ್ಲಿ 2019ರ ವೇತನ ಸಂಹಿತೆಯ ಪ್ರಕಾರ ದಿನಗೂಲಿಗೂ ಉಂಡೆಗೂಲಿಗೂ ಕನಿಷ್ಠ ವೇತನ ಅನ್ವಯಿಸುತ್ತದೆ. ಆಳನ್ನು ಮತ್ತೊಬ್ಬರ ಮೂಲಕ ಇಟ್ಟುಕೊಂಡವನೂ ಮಾಲೀಕನೇ. ಬಾಕಿ ಕೂಲಿಗೆ 3 ವರ್ಷದೊಳಗೆ ದಾವೆ ಹೂಡಬಹುದು. ಕೂಲಿ ಕೊಟ್ಟಿದ್ದೇನೆ ಎಂದು ರುಜುವಾತು ಮಾಡುವ ಭಾರ ಮಾಲೀಕನ ಮೇಲಿದೆ. ಕಡಿಮೆ ಕೂಲಿ ಕೊಟ್ಟರೆ 50,000 ರೂಪಾಯಿವರೆಗೆ ದಂಡವುಂಟು. ಇದಲ್ಲದೆ 14 ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು 2016ರ ತಿದ್ದುಪಡಿಯ ನಂತರ ಎಲ್ಲ ಉದ್ಯೋಗಗಳಲ್ಲೂ ಅಪರಾಧ. 6 ತಿಂಗಳಿಂದ 2 ವರ್ಷದವರೆಗೆ ಸೆರೆವಾಸ ಆಗಬಹುದು. “ಮೇಸ್ತ್ರಿ ಕರೆತಂದ, ನನಗೆ ಗೊತ್ತಿಲ್ಲ” ಎಂಬ ಮಾತನ್ನು ನಂಬಿ ಕೂರಬೇಡಿರಿ.

ಲೆಕ್ಕ ಬರೆದರೆ ತಮಗೇ ಬಲ

“ನಮಗೇ ಗಿಟ್ಟುವುದಿಲ್ಲ, ಲೆಕ್ಕ ಬರೆದು ಏನು ಮಾಡೋಣ?” ಎಂದು ತಾವು ಕೇಳಬಹುದು. ಈ ಮಾತಿನಲ್ಲಿ ಸತ್ಯವಿದೆ. ಹಾಗಿರುವುದರಿಂದಲೇ ಲೆಕ್ಕ ಬೇಕು. ಕೈಯಿಂದ ಸಂಕರಣ ಮಾಡುವ ಬೀಜೋತ್ಪಾದನೆಯಲ್ಲಿ ಕೂಲಿಯೇ ದೊಡ್ಡ ಖರ್ಚು. ಅದನ್ನು ‘ಗುತ್ತಿಗೆ’ ಎಂಬ ಒಂದೇ ಸಾಲಿನಲ್ಲಿ ಮುಚ್ಚಿದರೆ, ಕಂಪನಿಯೊಡನೆ ದರ ಮಾತಾಡುವಾಗ ತೋರಿಸಲು ತಮ್ಮ ಬಳಿ ಏನೂ ಇರುವುದಿಲ್ಲ. ಎಕರೆಗೆ ಎಷ್ಟು ಆಳು, ಎಷ್ಟು ದಿನ, ಎಷ್ಟು ಕೂಲಿ ಎಂಬುದು ಹತ್ತು ಜನ ಬೆಳೆಗಾರರ ಪುಸ್ತಕದಲ್ಲಿ ಇದ್ದರೆ ಅದೇ ನ್ಯಾಯವಾದ ದರಕ್ಕೆ ಆಧಾರ. ಸಾಲಿನ ಅಂತರ, ಗೊಬ್ಬರದ ಪ್ರಮಾಣ, ಪ್ರತ್ಯೇಕತಾ ಅಂತರ ಇವನ್ನೆಲ್ಲ ಹೇಳಿಕೊಟ್ಟ ನಾವು ವಿಜ್ಞಾನಿಗಳು ಈ ಲೆಕ್ಕವನ್ನು ಹೇಳಿಕೊಡಲಿಲ್ಲ. ಇದು ನಮ್ಮ ಲೋಪ.

ಮುಂದಿನ ಹಂಗಾಮಿಗೆ ಈ ಕೆಳಗಿನವುಗಳನ್ನು ಪಾಲಿಸಿರಿ:

1. ಒಂದು ಹಾಜರಿ ಪುಸ್ತಕವಿಡಿರಿ. ಹೆಸರು, ವಯಸ್ಸು, ದಿನ, ಕೂಲಿ ಬರೆದು ಸಹಿ ಅಥವಾ ಹೆಬ್ಬೆಟ್ಟು ಪಡೆಯಿರಿ.
2. ಕೂಲಿಯನ್ನು ಆಳಿನ ಕೈಗೇ ಅಥವಾ ಅವರ ಬ್ಯಾಂಕ್ ಖಾತೆಗೇ ಕೊಡಿರಿ. ಮೇಸ್ತ್ರಿಯ ಕೈಗೆ ಇಡಿಯಾಗಿ ಕೊಡಬೇಡಿರಿ.
3. ವಯಸ್ಸಿನ ದಾಖಲೆ ನೋಡದೆ ಯಾರನ್ನೂ ಸಾಲಿಗೆ ಇಳಿಸಬೇಡಿರಿ. ಶಾಲೆಯ ಮಕ್ಕಳು ಶಾಲೆಯಲ್ಲಿರಲಿ.
4. ಕಂಪನಿಯ ಒಪ್ಪಂದದ ಪ್ರತಿಯನ್ನು ಕನ್ನಡದಲ್ಲಿ ಕೇಳಿ ಪಡೆಯಿರಿ. ಬೀಜ ತಿರಸ್ಕೃತವಾದರೆ ಕೂಲಿಯ ಭಾರದಲ್ಲಿ ಕಂಪನಿಯ ಪಾಲು ಎಷ್ಟೆಂದು ಅದರಲ್ಲಿ ಬರೆಸಿರಿ.
5. ಸಂದೇಹವಿದ್ದರೆ ಹಾವೇರಿಯ ಕಾರ್ಮಿಕ ಕಛೇರಿಯಲ್ಲಿ ಅಥವಾ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿರಿ.

ಹೆಣ್ಣು ಸಾಲಿನಲ್ಲಿ ಒಂದು ಬೇರೆ ಗಿಡ ಉಳಿದರೂ ಬೀಜ ಕೆಡುತ್ತದೆಂದು ತಾವು ದಿನವೂ ಹೊಲ ಸುತ್ತಿ ಅದನ್ನು ಕೀಳುತ್ತೀರಿ. ಕೂಲಿಯ ಲೆಕ್ಕದ ಮೇಲೂ ಅಷ್ಟೇ ನಿಗಾ ಇರಲಿ. ಬೀಜ ಹೋದ ವರ್ಷ ಎತ್ತಾದರೂ ಕೊಟ್ಟಿಗೆಯಲ್ಲಿ ಉಳಿಯಬೇಕು.