ನಂಬರ್ ಕೇಳೋದು ಹೇಗೆ?

ದೋಹಾದ ನಜ್ಮಾದಿಂದ ಅಲ್ ವಕ್ರಾಕ್ಕೆ ಮನೆ ಬದಲಾಯಿಸಿದ್ದೆವು. ದೂರವೇನಲ್ಲ, 15 ಕಿಲೋಮೀಟರ್ ಆಸುಪಾಸು. 2019ರಿಂದ ಮೆಟ್ರೋ ಕೂಡ ಇದೆ. ಆದ್ರೆ ಎರಡು ವರ್ಷದ ಮಗಳನ್ನ ಕಟ್ಟಿಕೊಂಡು ಜುಲೈ ಬಿಸಿಲಲ್ಲಿ ಹೋಗೋದೆಲ್ಲಿಗೆ? ಸಾಫ್ಟ್‌ವೇರ್ ಕೆಲಸಕ್ಕೆ ಒಂದು ವರ್ಷ ರಜೆ ಹಾಕಿದ್ದೆ. ಯಜಮಾನ್ರು ಬೆಳಿಗ್ಗೆ ಆರಕ್ಕೆ ಹೊರಟರೆ ಸಂಜೆವರೆಗೂ ನಾನು, ಮಗಳು, ಏಸಿ ಸದ್ದು...

ಕರ್ನಾಟಕ ಸಂಘ ಇದೆಯಲ್ಲ ಅಂತೀರಾ? ಇದೆ. ರಾಜ್ಯೋತ್ಸವಕ್ಕೆ ಹೋಗಿ ಐವತ್ತು ಜನಕ್ಕೆ ನಮಸ್ಕಾರ ಹೇಳಿ ಬಂದಿದ್ದೆ. ಆದ್ರೆ ಸುಮ್ಮನೆ ಮಧ್ಯಾಹ್ನ ಫೋನ್ ಮಾಡೋಕೆ ಒಬ್ಬರು ಬೇಕಲ್ಲ!

ಸಿಕ್ಕಿದ್ದು ವಕ್ರಾ ಸೂಕ್ ಪಕ್ಕದ ಸಮುದ್ರದಂಡೆಯಲ್ಲಿ. ಹೊತ್ತು ಮುಳುಗಿತ್ತು. ಹಿಂದಿನಿಂದ "ನೀರಿಗೆ ಹೋಗ್ಬೇಡ ಮಾರಾಯಾ!" ಅಂತ ಕೂಗು. ಕಾಸರಗೋಡಿನವಳು. 1956ರಲ್ಲಿ ಊರು ಕೇರಳಕ್ಕೆ ಸೇರಿತಲ್ಲ, ಇಲ್ಲಿ ಎಲ್ಲರೂ ಅವಳನ್ನ ಮಲಯಾಳಿ ಅಂತಲೇ ಲೆಕ್ಕ ಹಾಕಿದ್ದರಂತೆ. ಒಂದು ಗಂಟೆ ಹರಟಿದೆವು. ಆದ್ರೆ ನಂಬರ್ ಕೇಳೋಕೆ ನಾಚಿಕೆಯಾಗಿ ಹಾಗೇ ಬಂದುಬಿಟ್ಟೆ. (ಕ್ಯಾಂಪಸ್ ಇಂಟರ್‌ವ್ಯೂನಲ್ಲೂ ನಾನು ಇಷ್ಟು ಬೆವರಿರಲಿಲ್ಲ.) ಆಮೇಲೆ ಮೂರು ಸಂಜೆ ಅದೇ ಜಾಗದಲ್ಲಿ ಕಾದೆ. ನಾಲ್ಕನೇ ದಿನ ಸಿಕ್ಕವಳು, "ನಾನು ಮೂರು ದಿನದಿಂದ ಆ ಕಡೆ ದಂಡೆಯಲ್ಲಿ ನಿಮ್ಮನ್ನೇ ಹುಡುಕ್ತಿದ್ದೆ" ಅಂದಳು!

ಮಗಳಿಗೆ ಒಂದು ರಾತ್ರಿ ಜ್ವರ ಏರಿದಾಗ, ಯಜಮಾನ್ರು ಊರಲ್ಲಿರಲಿಲ್ಲ. ಹನ್ನೆರಡು ಗಂಟೆಗೆ ಕಾರು ತಂದು ಬಾಗಿಲು ತಟ್ಟಿದ್ದು ಅವಳೇ.

ಕಳೆದ ತಿಂಗಳು ಅವಳ ಗಂಡನ ಕಾಂಟ್ರಾಕ್ಟ್ ಮುಗೀತು. ಹೊರಡೋ ಮುಂಚೆ ಕರಿಬೇವಿನ ಕುಂಡ ತಂದು ನಮ್ಮ ಬಾಲ್ಕನಿಯಲ್ಲಿಟ್ಟು, "ಮಧ್ಯಾಹ್ನದ ಬಿಸಿಲು ತಾಗಿಸ್ಬೇಡಿ" ಅಂದಳು, ಅಷ್ಟೇ. ಮಗಳು ದಿನಾ ಅದಕ್ಕೆ ನೀರು ಹಾಕ್ತಾಳೆ, ಅವಳ ಹುಡುಗನ ಹೆಸರು ಕರೀತಾ.